ಪ್ರಶ್ನೋತ್ತರ: ಮಕ್ಕಳನ್ನು ಪೈಲಟ್ ಮಾಡಬಹುದಾ? ಕ್ಯಾಪ್ಟನ್ ಅವರನ್ನೇ ಕೇಳಿ

ಅಡ್ಮಿನ್: ನಮ್ಮ ಸಾಗರದವರೇ ಆದ ಕ್ಯಾಪ್ಟನ್ ಇವತ್ತು ಸಂಜೆ ಗ್ರೂಪಿನಲ್ಲಿ ಸಿಗುತ್ತಾರೆ. ಏರ್‌ಬಸ್ ಎ320 ಹಾರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಬೇಡ.

ಭದ್ರಾವತಿ ಹುಡುಗ: ಸರ್, ಕನ್ನಡಕ ಇದೆ. ಆಗತ್ತಾ?

ಕ್ಯಾಪ್ಟನ್: ಆಗುತ್ತದೆ. ಕನ್ನಡಕ ಹಾಕಿದಾಗ ಸರಿಯಾಗಿ ಕಾಣಬೇಕು, ಅಷ್ಟೇ. ನಾನೂ ಹಾಕುತ್ತೇನೆ.

ಶಿಕಾರಿಪುರ ಮೇಷ್ಟ್ರು: ನಮಸ್ಕಾರ. ಖರ್ಚೆಷ್ಟು? ಕೆಲಸ ಖಾತ್ರಿಯಾ?

ಕ್ಯಾಪ್ಟನ್: ನಮಸ್ಕಾರ ಮೇಷ್ಟ್ರೇ. ಲೈಸೆನ್ಸಿಗೆ 200 ಗಂಟೆ ಹಾರಾಟ, ಜೊತೆಗೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳು. ಅರ್ಧ ಕೋಟಿ ಆಸುಪಾಸು. ಎ320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗಿಗೆ, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ, ಮತ್ತೆ ಲಕ್ಷಗಟ್ಟಲೆ. ಖಾತ್ರಿ ಇಲ್ಲ. 2023ರಲ್ಲಿ ಇಂಡಿಗೊ ಒಂದೇ ಸಲಕ್ಕೆ 500 ವಿಮಾನ ಆರ್ಡರ್ ಮಾಡಿತು. ಅದೇ ವರ್ಷ ಗೋ ಫಸ್ಟ್ ವಿಮಾನ ಕಂಪನಿ ನಿಂತುಹೋಯಿತು. ಕೆಲಸ ಸಿಗುವವರೆಗೆ ಇನ್‌ಸ್ಟ್ರುಮೆಂಟ್ ರೇಟಿಂಗನ್ನು, ಅಂದರೆ ಹೊರಗೆ ಏನೂ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆಯನ್ನು, ಪ್ರತಿ ವರ್ಷ ಕೈಯಿಂದ ದುಡ್ಡು ಹಾಕಿ ನವೀಕರಿಸಬೇಕು. ಲೈಸೆನ್ಸ್ ಬಂದ ಮೇಲೂ ಎರಡು ವರ್ಷ ಸಂಬಳವಿಲ್ಲದೆ ಮನೆ ನಡೆಯುತ್ತದಾ? ಹಾಗಿದ್ದರೆ ಬನ್ನಿ. ಕೆಲಸವೇನೋ ನನಗೆ ಇವತ್ತಿಗೂ ಇಷ್ಟ.

ಕೊಪ್ಪ ಅಮ್ಮ: ಮಗಳು ಏರ್‌ಫೋರ್ಸ್ ಮೂಲಕ ಹೋಗಬಹುದಾ ಸರ್?

ತೀರ್ಥಹಳ್ಳಿ ತೋಟದವರು: ಮಗ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ಎಲೆಚುಕ್ಕೆ ರೋಗ ಬಂದು ಅಡಿಕೆ ಫಸಲು ಅಷ್ಟಕ್ಕಷ್ಟೇ. ಆದರೂ ತೋಟ ಅಡ ಇಟ್ಟು ಕಳಿಸೋಣ ಅಂತಿದ್ದೇವೆ. ತಿಂಗಳ ಕೊನೆಯೊಳಗೆ ಪೂರ್ತಿ ಫೀಸು ಕಟ್ಟಿದರೆ ರಿಯಾಯಿತಿ, ಮೆಡಿಕಲ್ ಟೆಸ್ಟ್ ಆಮೇಲೆ ನೋಡೋಣ ಅಂತಾನೆ ಫ್ಲೈಯಿಂಗ್ ಸ್ಕೂಲಿನ ಏಜೆಂಟ್. ಕಾಲೇಜಿನ ಕಣ್ಣಿನ ಕ್ಯಾಂಪಿನಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದಾಗ ಕೆಲವು ನಂಬರ್ ಇವನಿಗೆ ಕಾಣಲಿಲ್ಲವಂತೆ. ತೊಂದರೆ ಇಲ್ಲ ಅಲ್ವಾ?

ಕ್ಯಾಪ್ಟನ್: ಯಜಮಾನರೇ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ಅದು ಇಶಿಹಾರಾ ಪುಸ್ತಕ. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುತ್ತದಾ ಅಂತ ನೋಡುವುದು. ಇಳಿಯುವಾಗ ರನ್‌ವೇ ಪಕ್ಕ ನಾಲ್ಕು ದೀಪ ಕಾಣುತ್ತವೆ. ಎರಡು ಬಿಳಿ, ಎರಡು ಕೆಂಪು ಇದ್ದರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೇವೆ ಅಂತ. ರಾತ್ರಿ ಎದುರಿನ ವಿಮಾನದ ಎಡ ರೆಕ್ಕೆಯಲ್ಲಿ ಕೆಂಪು, ಬಲದಲ್ಲಿ ಹಸಿರು. ಅದು ನಮ್ಮ ಕಡೆ ಬರುತ್ತಿದೆಯಾ, ದೂರ ಹೋಗುತ್ತಿದೆಯಾ ಅಂತ ಅದರಿಂದಲೇ ತಿಳಿಯಬೇಕು. ಹಾಗಾಗಿ ಇದರಲ್ಲಿ ರಿಯಾಯಿತಿ ಇಲ್ಲ. ಹಾಗಂತ ಈಗಲೇ ಕೈಬಿಡಬೇಡಿ. ಕ್ಯಾಂಪಿನ ಬೆಳಕು ಸರಿ ಇರಲಿಲ್ಲವೇನೋ. ಪುಸ್ತಕದಲ್ಲಿ ತಪ್ಪಿದವರಿಗೆ ದೀಪದ ಪರೀಕ್ಷೆಯೂ ಇದೆ. ಮೊದಲು ಡಿಜಿಸಿಎ ಮಾನ್ಯತೆಯ ವೈದ್ಯರ ಹತ್ತಿರ ಕ್ಲಾಸ್ 2 ಮೆಡಿಕಲ್, ಅಂದರೆ ಮೊದಲ ಹಂತದ ತಪಾಸಣೆ, ಮಾಡಿಸಿ, ಪುಸ್ತಕದ ವಿಷಯ ಮುಚ್ಚಿಡದೆ ಹೇಳಿ. ಆಮೇಲೆ ಪೈಲಟ್ ಕೆಲಸಕ್ಕೆ ಬೇಕಾದ ಕ್ಲಾಸ್ 1. ಅದು ಕೈಗೆ ಬಂದ ಮೇಲೆ ಫೀಸಿನ ಮಾತು, ಅದೂ ಕಂತಿನಲ್ಲಿ. ಮೆಡಿಕಲ್ ಆಮೇಲೆ ಅನ್ನುವವನಿಗೆ ನಿಮ್ಮ ಮಗ ಹಾರಿದರೂ ಒಂದೇ, ಬಿಟ್ಟರೂ ಒಂದೇ.

ಹೊಸನಗರ ಭಟ್ರು: ಫಾರ್ವರ್ಡ್ ಬಂದಿದೆ: ಹೊನಗೊನ್ನೆ ಸೊಪ್ಪಿನ ರಸ ಕಣ್ಣಿಗೆ ಬಿಟ್ಟರೆ ಬಣ್ಣಗುರುಡು ಪೂರ್ತಿ ವಾಸಿ 🙏

ಕ್ಯಾಪ್ಟನ್: ಹೊನಗೊನ್ನೆ ಪಲ್ಯ ಮಾಡಿ ತಿನ್ನಿ. ಕಣ್ಣಿಗೆ ಏನನ್ನೂ ಹಿಂಡಬೇಡಿ. ಹುಟ್ಟಿನಿಂದ ಬಂದ ಬಣ್ಣಗುರುಡು ಸೊಪ್ಪಿಗೂ ಹೋಗಲ್ಲ, ಡ್ರಾಪ್ಸಿಗೂ ಹೋಗಲ್ಲ. ಬಣ್ಣದ ಲೆನ್ಸ್ ಹಾಕಿ ಪಾಸಾಗಬಹುದು ಅನ್ನುವ ವಿಡಿಯೋ ಕಳಿಸಲು ಹೊರಟವರು ಅಲ್ಲೇ ನಿಲ್ಲಿ.

ಹೊಸನಗರ ಭಟ್ರು: ಆಯುರ್ವೇದ ಅಂದರೆ ಕೆಲವರಿಗೆ ಸದರ.

ಸೊರಬ: ಸರ್ ಕನ್ನಡಕ ಇದ್ದರೆ ನಡೆಯತ್ತಾ?

ಕ್ಯಾಪ್ಟನ್: ಮೇಲೆ ಓದಿ.

ವಿನೋಬನಗರ: ಈಗ ನಮ್ಮ ಶಿವಮೊಗ್ಗದ ಸೋಗಾನೆಯಲ್ಲೇ ಏರ್‌ಪೋರ್ಟ್ ಇದೆ. 3.2 ಕಿ.ಮೀ. ರನ್‌ವೇ. ನಮ್ಮ ಹುಡುಗರಿಗೆ ಇಲ್ಲೇ ಕೆಲಸ.

ಗಾಂಧಿಬಜಾರ್: ಮಂಜು ಬಿದ್ದರೆ ವಿಮಾನ ಇಳಿಯಲ್ಲ. ಜನಶತಾಬ್ದಿ ರೈಲೇ ವಾಸಿ.

ವಿನೋಬನಗರ: ನಿಮ್ಮಂಥವರಿಂದಲೇ ಊರು ಹೀಗಿರೋದು.

ಗಾಂಧಿಬಜಾರ್: ನೀವು ಎಷ್ಟು ಸಲ ಹತ್ತಿದ್ದೀರಿ ಸ್ವಾಮಿ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಕ್ಯಾಪ್ಟನ್: ಊರಲ್ಲಿ ಏರ್‌ಪೋರ್ಟ್ ಇದ್ದ ಮಾತ್ರಕ್ಕೆ ಪೈಲಟ್ ಕೆಲಸ ಹುಟ್ಟಲ್ಲ. ಕಂಪನಿ ಹೇಳಿದ ಊರಲ್ಲಿ ಇರಬೇಕು.

ರಿಪ್ಪನ್‌ಪೇಟೆ: ಸಂಬಳ ಎಷ್ಟು ಸರ್? ಕನ್ನಡಕ ಇದ್ದರೆ ಕಡಿಮೆನಾ?

ಕ್ಯಾಪ್ಟನ್: 🙏

ತೀರ್ಥಹಳ್ಳಿ ತೋಟದವರು: ಸಾರ್, ಏಜೆಂಟಿಗೆ ಫೋನ್ ಮಾಡಿದೆ. ಮೆಡಿಕಲ್ ಆಗದೆ ಕಟ್ಟಲ್ಲ ಅಂದೆ. ಬುಕಿಂಗ್ ಹಣ ವಾಪಸ್ ಕೊಡಲ್ಲ ಅಂತಾನೆ.

ಕ್ಯಾಪ್ಟನ್: ಎಷ್ಟು ಕೊಟ್ಟಿದ್ದೀರಿ? ರಸೀದಿ ಇದೆಯಾ? ಇಲ್ಲಿ ಹಾಕಬೇಡಿ, ನನಗೆ ಒಬ್ಬನಿಗೇ ಕಳಿಸಿ.

ವಿನೋಬನಗರ: ಮಂಜು ಬೆಂಗಳೂರಿನಲ್ಲೂ ಬೀಳತ್ತೆ, ಗಾಂಧಿಬಜಾರ್‌ನವರೇ.