ಹದಿಹರೆಯದ ಕುರಿತು ಹೆಚ್ಚು ಮಂದಿ ನೋಡದ ಹಾಸ್ಯಚಿತ್ರ ಯಾವುದು?

ಪ್ರಶ್ನೆ: ಹದಿಹರೆಯದ ತಳಮಳವನ್ನು ಗೇಲಿ ಮಾಡದೆಯೇ ನಗಿಸುವ, ಆದರೆ ಅಷ್ಟಾಗಿ ಚರ್ಚೆಗೆ ಬಾರದ ಚಿತ್ರವೊಂದನ್ನು ದಯವಿಟ್ಟು ಸೂಚಿಸುವಿರಾ?

ಉತ್ತರ: 2013ರ ಇಂಗ್ಲಿಷ್ ಚಿತ್ರ ‘ದ ವೇ ವೇ ಬ್ಯಾಕ್’ ನೋಡಿ. ಹತ್ತಕ್ಕೆ ನಿನಗೆ ನೀನೇ ಎಷ್ಟು ಅಂಕ ಕೊಟ್ಟುಕೊಳ್ಳುವೆ ಎಂದು ತಾಯಿಯ ಗೆಳೆಯನು ಕಾರಿನಲ್ಲಿ ಕೇಳಿದಾಗ 14 ವರ್ಷದ ಡಂಕನ್ ಹಿಂಜರಿಯುತ್ತ ಆರು ಎನ್ನುತ್ತಾನೆ. ತನ್ನ ಲೆಕ್ಕದಲ್ಲಿ ಅದು ಮೂರು ಎಂದು ಆ ಗೆಳೆಯ ತಣ್ಣಗೆ ಹೇಳುವ ಆ ಮೊದಲ ದೃಶ್ಯದಲ್ಲೇ ಚಿತ್ರದ ಕಹಿಯೂ ನಗೆಯೂ ಒಟ್ಟಿಗೆ ಗೋಚರಿಸುತ್ತವೆ. ಡಂಕನ್ ಮುಂದೆ ಕೆಲಸಕ್ಕೆ ಸೇರುವ ವಾಟರ್ ಪಾರ್ಕಿನ ಮಾತುಗಾರ ವ್ಯವಸ್ಥಾಪಕನಾಗಿ ಸ್ಯಾಮ್ ರಾಕ್‌ವೆಲ್ ಅವರ ಅಭಿನಯವೇ ಚಿತ್ರದ ಜೀವಾಳ.

ಇನ್ನೊಂದು ಉತ್ತರ: ಒಪ್ಪುತ್ತೇನೆ. ಸ್ಟೀವ್ ಕರೆಲ್ ಅವರನ್ನು ಹಾಸ್ಯನಟರೆಂದೇ ಬಲ್ಲವರಿಗೆ ಇಲ್ಲಿ ತಾಯಿಯ ಗೆಳೆಯನಾಗಿ ಅವರ ನಿರ್ದಯ ಪಾತ್ರ ಅಚ್ಚರಿ ತರುತ್ತದೆ.

ಮತ್ತೊಂದು ಉತ್ತರ: ಕಥೆಯ ಜಾಡು ಸುಲಭವಾಗಿ ಊಹೆಗೆ ಸಿಗುತ್ತದೆಂಬುದು ನನ್ನ ಆಕ್ಷೇಪ, ಆದರೂ ಎಲ್ಲವನ್ನೂ ಕಂಡು ಸುಮ್ಮನಿರುವ ತಾಯಿಯಾಗಿ ಟೋನಿ ಕೊಲೆಟ್ ಅವರಿಗಾಗಿಯಾದರೂ ನೋಡಬಹುದು.