ಚಿಕ್ಕಪ್ಪನ ಪ್ರಶ್ನೆಗೆ ನನ್ನ ಉದ್ದದ ಉತ್ತರ

ಚಿಕ್ಕಪ್ಪ, ನಮಸ್ಕಾರ. ಅಡುಗೆ ಮಾಡುತ್ತಲೇ ಮಾತಾಡುತ್ತಿದ್ದೇನೆ, ನಡುವೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ. ನಿನ್ನೆ ಮನೆಯವರ ಗ್ರೂಪಿನಲ್ಲಿ ನೀವು ಕೇಳಿದಿರಲ್ಲ, ಶಾಸ್ತ್ರ ಓದದೆ ಬೆಳೆದ ಮಕ್ಕಳಿಗೆ ಸರಿ ಯಾವುದು, ತಪ್ಪು ಯಾವುದು ಅಂತ ಹೇಗೆ ಗೊತ್ತಾಗಬೇಕು ಅಂತ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ನನಗೆ ಸುಮ್ಮನಿರಲು ಆಗಲಿಲ್ಲ.

ನನಗನ್ನಿಸುವುದು ಇಷ್ಟೇ. ಇದು ತಪ್ಪು ಅಂತ ಮನಸ್ಸಿಗೆ ಮೊದಲು ತಟ್ಟುತ್ತದೆ, ಶ್ಲೋಕ ಆಮೇಲೆ ಸಿಗುತ್ತದೆ. ಶಾಸ್ತ್ರವನ್ನು ಅರೆದು ಕುಡಿದವರ ಕಥೆಯೂ ಇದೇ. ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರರನ್ನೇ ನೋಡಿ. ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ಪ್ರಿನ್ಸಿಪಾಲರು, ಅವರಿಗೆ ಶಾಸ್ತ್ರ ಗೊತ್ತಿಲ್ಲ ಅನ್ನಲು ಯಾರಿಗೂ ಧೈರ್ಯವಿರಲಿಲ್ಲ. ಆಟ ಆಡುವ ವಯಸ್ಸಿನ ಹೆಣ್ಣುಮಕ್ಕಳು ವಿಧವೆಯರಾಗಿ ಮೂಲೆ ಸೇರುವುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಆಮೇಲೆ ಗ್ರಂಥಗಳನ್ನು ಹುಡುಕಿದರು. ಪರಾಶರ ಸ್ಮೃತಿ ಅನ್ನುವ ಹಳೆಯ ಧರ್ಮಶಾಸ್ತ್ರದ ಗ್ರಂಥದಲ್ಲಿ ಒಂದು ಶ್ಲೋಕ ಸಿಕ್ಕಿತು. ಗಂಡ ಕಾಣೆಯಾದರೆ, ಸತ್ತರೆ, ಸನ್ಯಾಸಿಯಾದರೆ, ಷಂಡನಾದರೆ, ಪತಿತನಾದರೆ ಹೆಂಗಸಿಗೆ ಇನ್ನೊಬ್ಬ ಗಂಡ ಆಗಬಹುದು ಅಂತ. ಅದನ್ನು ಹಿಡಿದುಕೊಂಡು 1855ರಲ್ಲಿ ಪುಸ್ತಕ ಬರೆದರು. 1856ರ ಜುಲೈನಲ್ಲಿ ವಿಧವಾ ವಿವಾಹದ ಕಾಯ್ದೆ ಬಂತು.

ಈಗ ನಿಜವಾದ ತಮಾಷೆ ಕೇಳಿ. ಆ ಶ್ಲೋಕದ ಮುಂದಿನ ಶ್ಲೋಕದಲ್ಲೇ, ಗಂಡ ಸತ್ತ ಮೇಲೆ ಬ್ರಹ್ಮಚರ್ಯದಲ್ಲಿ ಉಳಿದವಳಿಗೆ ಸ್ವರ್ಗ ಅಂತಿದೆ. ಅದರ ಮುಂದಿನದರಲ್ಲಿ, ಗಂಡನ ಜೊತೆ ಸಹಗಮನ ಮಾಡಿದವಳಿಗೆ ಮೂರೂವರೆ ಕೋಟಿ ವರ್ಷ ಸ್ವರ್ಗ ಅಂತಿದೆ. ಮೈಮೇಲಿನ ಒಂದೊಂದು ಕೂದಲಿಗೆ ಒಂದೊಂದು ವರ್ಷವಂತೆ! ಒಂದೇ ಪುಸ್ತಕ, ಒಂದರ ಬೆನ್ನಿಗೆ ಒಂದು, ಮೂರು ದಾರಿ. ಮದುವೆಯಾಗು, ಹಾಗೇ ಇರು, ಸುಟ್ಟುಕೊಂಡು ಸಾಯಿ. ನಮ್ಮ ಹುಡುಗಿಗೆ ಯಾವುದು ಅಂತ ನಿರ್ಧಾರ ಮಾಡುವುದು ಯಾರು ಚಿಕ್ಕಪ್ಪ? ಪುಸ್ತಕವಂತೂ ಅಲ್ಲ, ಅದು ಮೂರನ್ನೂ ಹೇಳಿ ಮುಗಿಸಿದೆ.

ಇದರಲ್ಲಿ ನಮ್ಮ ಕಡೆಯವರೂ ಇದ್ದಾರೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಮಾಧವಾಚಾರ್ಯರು ಇದೇ ಸ್ಮೃತಿಗೆ ವ್ಯಾಖ್ಯಾನ ಬರೆದರಲ್ಲ, ಪರಾಶರ ಮಾಧವೀಯ. ಆ ಮರುಮದುವೆಯ ಮಾತು ಬೇರೆ ಯುಗಕ್ಕೆ, ಕಲಿಯುಗಕ್ಕಲ್ಲ ಅಂದುಬಿಟ್ಟರು. ವಿದ್ಯಾಸಾಗರರು ಕೇಳಿದ್ದು ಇಷ್ಟು: ಪರಾಶರ ಸ್ಮೃತಿ ಇರುವುದೇ ಕಲಿಯುಗಕ್ಕೆ ಅಲ್ವಾ, ಬೇರೆ ಯುಗದ ಮಾತು ಅಲ್ಲಿಗೆ ಹೇಗೆ ಬಂತು? ನ್ಯಾಯವಾದ ಪ್ರಶ್ನೆ. ಆದರೂ ಕಾಯ್ದೆ ಬೇಕು ಅಂತ ಸರ್ಕಾರಕ್ಕೆ ಕೊಟ್ಟ ಅವರ ಅರ್ಜಿಗಿಂತ ವಿರೋಧದ ಅರ್ಜಿಗೆ ಎಷ್ಟೋ ಪಟ್ಟು ಜಾಸ್ತಿ ಸಹಿ ಬಿದ್ದಿತ್ತು. ಆ ಕಡೆಯ ಪಂಡಿತರೂ ಓದಿದವರೇ.

ನಮ್ಮ ಮನೆಯದನ್ನೇ ನೋಡಿ. ನಿಮ್ಮ ಸೋದರತ್ತೆ, ನಾವು ಕೆಂಪು ಸೀರೆ ಅಜ್ಜಿ ಅನ್ನುತ್ತಿದ್ದೆವಲ್ಲ, ಅವರಿಗೆ ಗಂಡನ ಮುಖವೂ ಸರಿಯಾಗಿ ನೆನಪಿರಲಿಲ್ಲ. ಮದುವೆ ಮನೆಯಲ್ಲಿ ಬೆಳಗಿನಿಂದ ಒಲೆ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದವರು ಅವರು. ಆರತಿಯ ಹೊತ್ತಿಗೆ ಯಾರೂ ಹೇಳದಿದ್ದರೂ ಅಡುಗೆಮನೆಯ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದರು. ಅವರ ತಲೆ ಬೋಳಿಸಲು ಹೇಳಿದ ಹಿರಿಯರು ದಿನಾ ಪಾರಾಯಣ ಮಾಡುವವರು. ಅಕ್ಷರ ಬಾರದ ನಮ್ಮ ಅಜ್ಜಿ ಮಾತ್ರ, ನನ್ನ ನಾಮಕರಣದ ದಿನ ಮಗುವನ್ನು ಮೊದಲು ಅವರ ತೊಡೆಯ ಮೇಲೇ ಹಾಕಿದರಂತೆ. ಅಜ್ಜಿ ಯಾವ ಪುಸ್ತಕ ನೋಡಿದ್ದರು?

ಹಾಗಂತ ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅನ್ನುತ್ತಿಲ್ಲ. ಚಕ್ಕುಲಿ ಹಂಚಿದಾಗ ನಮ್ಮ ಪುಟ್ಟಿಗೆ ಒಂದು ಕಡಿಮೆ ಬಿದ್ದರೆ ಅನ್ಯಾಯ ಅಂತ ಮನೆ ಎತ್ತಿಹಾಕುತ್ತಾಳೆ. ಒಂದು ಜಾಸ್ತಿ ಬಿದ್ದರೆ ತುಟಿ ಪಿಟಕ್ಕೆನ್ನುವುದಿಲ್ಲ! ಅದನ್ನು ಕಲಿಸಲೇಬೇಕು, ಕಥೆ, ಶ್ಲೋಕ, ಹಿರಿಯರ ಗದರಿಕೆ ಎಲ್ಲವೂ ಬೇಕು. ಬರೀ ಯುಕ್ತಿ ಹೇಳಿದರೆ ಈ ದೇಶದ ಜನ ಕೇಳುವುದಿಲ್ಲ, ಶಾಸ್ತ್ರ ತೋರಿಸಬೇಕು ಅಂತ ವಿದ್ಯಾಸಾಗರರೇ ಹೇಳಿದ್ದರು. ತೋರಿಸಿದ ಮೇಲೂ ಜನ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ ಅನ್ನುವುದು ಬೇರೆ ಮಾತು. ವಿಧವೆಯರ ಮದುವೆಗಳಿಗೆ ವಿದ್ಯಾಸಾಗರರು ಕೈಯಿಂದ ಖರ್ಚು ಹಾಕಿ ಸಾಲ ಮಾಡಿಕೊಂಡರು. 1870ರಲ್ಲಿ ಅವರ ಮಗನೇ ವಿಧವೆಯನ್ನು ಮದುವೆಯಾದ.

ಪುಟ್ಟಿಯನ್ನು ಭಾನುವಾರದ ಗೀತಾ ಕ್ಲಾಸಿಗೆ ಕಳಿಸು ಅಂದಿರಿ, ಖಂಡಿತ ಕಳಿಸುತ್ತೇನೆ. ಉಚ್ಚಾರಣೆಯಾದರೂ ಸುಧಾರಿಸುತ್ತದೆ. ಆದರೆ "ಇದು ಯಾಕೆ ಹೀಗೆ" ಅಂತ ಅವಳು ಕೇಳಿದರೆ ಬಾಯಿ ಮುಚ್ಚಿಸಬಾರದು. ಅದನ್ನು ಮೇಷ್ಟ್ರಿಗೆ ನೀವೇ ಒಂದು ಮಾತು ಹೇಳಿಬಿಡಿ, ನಿಮ್ಮ ಮಾತಾದರೆ ಕೇಳುತ್ತಾರೆ.