ಅಣ್ಣನ ಮಗ ಐಸ್ ಹಾಕಿಯನ್ನೇ ವೃತ್ತಿಯಾಗಿ ಹಿಡಿಯಬಹುದೇ? ತಿಳಿದವರು ದಯವಿಟ್ಟು ಹೇಳಿ

ಬೆಣ್ಣೆನಗರಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ ಬಹಳ ವರ್ಷಗಳಿಂದ ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿದ್ದಾರೆ. ಅವರ ಮಗ ಅಲ್ಲಿಯೇ ಹುಟ್ಟಿ ಬೆಳೆದವನು, ಈಗ ಅವನಿಗೆ 15 ತುಂಬಿದೆ. ಅಲ್ಲಿನ ಪ್ರಮುಖ ಜೂನಿಯರ್ ಲೀಗ್‌ಗಳಲ್ಲಿ ಒಂದಾದ ವೆಸ್ಟರ್ನ್ ಹಾಕಿ ಲೀಗ್‌ನ ತಂಡವೊಂದು ಅವನನ್ನು ಆರಿಸಿಕೊಂಡಿದ್ದು, ಮುಂದಿನ ಋತುವಿನಿಂದ ಅವನು ಮನೆ ಬಿಟ್ಟು, ಆ ತಂಡದ ಊರಿನಲ್ಲಿ ಪರಿಚಯವಿಲ್ಲದ ಕುಟುಂಬವೊಂದರ ಜೊತೆ ಇದ್ದುಕೊಂಡು, ಅಲ್ಲಿನ ಶಾಲೆಗೇ ಹೋಗುತ್ತ ಆಡಬೇಕಾಗುತ್ತದೆ. ಅಣ್ಣನಿಗೆ ಕಳುಹಿಸುವ ಮನಸ್ಸಿದೆ, ಅತ್ತಿಗೆಗೆ ಇಲ್ಲ. ಇಲ್ಲಿ ವಿದ್ಯಾನಗರದ ಮನೆಯಲ್ಲಿ ನಮ್ಮ ಅವ್ವ ಮೊಮ್ಮಗನ ಓದು ಹಾಳಾದೀತು ಎಂದು ಒಂದೇ ಸಮನೆ ಚಿಂತೆ ಮಾಡುತ್ತಿದ್ದಾರೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಿದ್ದಾಗ ಹುಡುಗ ತನ್ನ ಸ್ಟಿಕ್ಕನ್ನೂ ಹೊತ್ತು ತಂದಿದ್ದ. ಪಡಸಾಲೆಯಲ್ಲಿ ಕುಳಿತು ಅದರ ಬಾಗಿದ ಅಲಗಿಗೆ ಕಪ್ಪು ಬಟ್ಟೆಯ ಟೇಪನ್ನು ಒಂದು ಸುತ್ತು ಇನ್ನೊಂದರ ಮೇಲೆ ಅರ್ಧ ಬರುವಂತೆ ಸುತ್ತುತ್ತಿದ್ದ. ಎಲ್ಲಾದರೂ ಒಂದು ಸುಕ್ಕು ಕೈಗೆ ತಾಗಿದರೆ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದ. ಆ ಶ್ರದ್ಧೆಯನ್ನು ನೋಡಿದ ಮೇಲೆ ಬೇಡ ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಈ ಆಟದಿಂದ ನಿಜಕ್ಕೂ ಬದುಕು ನಡೆಯುತ್ತದೆಯೇ? ಈ ಲೀಗ್‌ಗೆ ಒಮ್ಮೆ ಕಾಲಿಟ್ಟರೆ ಅಮೆರಿಕದ ಕಾಲೇಜು ತಂಡಗಳ ಬಾಗಿಲು ಮುಚ್ಚಿಹೋಗುತ್ತದೆ ಎಂದು ಕೇಳಿದ್ದೇನೆ, ಅದು ಸರಿಯೇ? ಮುಂದೆ ಅವನು ಭಾರತದ ಪರವಾಗಿ ಆಡಬಹುದೇ ಎಂಬುದು ಅವ್ವನ ಪ್ರಶ್ನೆ.

ಕೋಟೆನಾಡು, ಚಿತ್ರದುರ್ಗ

ನಾನು ಎಡ್ಮಂಟನ್‌ನಲ್ಲಿ ಕೆಲಸ ಮಾಡಿಕೊಂಡಿದ್ದು ಈಗ ಊರಿಗೆ ಮರಳಿದ್ದೇನೆ. ಅಲ್ಲಿ ಈ ಆಟವನ್ನು ಹತ್ತಿರದಿಂದ ನೋಡಿದವನಾಗಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡಿ. ಈ ಆಟದ ಅತ್ಯುನ್ನತ ವೃತ್ತಿಪರ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, ಇರುವುದು 32 ತಂಡಗಳು, ಒಂದೊಂದರ ಪಟ್ಟಿಯಲ್ಲಿ ಹೆಚ್ಚೆಂದರೆ 23 ಆಟಗಾರರು. ಕೆನಡಾ, ಅಮೆರಿಕ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ, ಜೆಕ್ ಎಲ್ಲ ದೇಶಗಳ ಹುಡುಗರೂ ಸೇರಿ ಪೈಪೋಟಿ ನಡೆಸುವುದು ಈ 736 ಜಾಗಗಳಿಗೆ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ, ಪ್ರತಿವರ್ಷ ನಡೆಯುವ ಡ್ರಾಫ್ಟ್‌ನಲ್ಲಿ ಏಳು ಸುತ್ತುಗಳಿದ್ದು ಸುಮಾರು 224 ಹುಡುಗರನ್ನು ಆರಿಸುತ್ತಾರೆ. ಅವರಲ್ಲಿ ಅನೇಕರು ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡುವುದಿಲ್ಲ. ಆಯ್ಕೆಯಾದವರಲ್ಲಿಯೂ ಹೆಚ್ಚಿನವರು ಮೊದಲು ಅದರ ಕೆಳಗಿನ ಅಮೆರಿಕನ್ ಹಾಕಿ ಲೀಗ್‌ನಲ್ಲಿ ವರ್ಷಗಟ್ಟಲೆ ದುಡಿಯುತ್ತಾರೆ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ದರದ ಒಪ್ಪಂದ: ಮೇಲಿನ ತಂಡದ ಪಟ್ಟಿಯಲ್ಲಿದ್ದ ದಿನಗಳಿಗೆ ಒಂದು ಸಂಬಳ, ಕೆಳಗೆ ಕಳುಹಿಸಿದ ದಿನಗಳಿಗೆ ಅದಕ್ಕಿಂತ ಬಹಳ ಕಡಿಮೆಯ ಇನ್ನೊಂದು ಸಂಬಳ. 2025-26ರ ಋತುವಿನಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ 7,75,000 ಡಾಲರ್ ಎಂದು ಓದಿದವರು ಇದನ್ನು ಮರೆಯಬಾರದು, ಏಕೆಂದರೆ ಹತ್ತು ದಿನ ಮೇಲಿದ್ದವನಿಗೆ ದೊರೆಯುವುದು ಆ ಹತ್ತು ದಿನಗಳ ಪಾಲು ಮಾತ್ರ.

ಆದರೆ ಡ್ರಾಫ್ಟ್‌ನಲ್ಲಿ ಹೆಸರು ಬರದಿದ್ದರೆ ಎಲ್ಲವೂ ಮುಗಿಯಿತು ಎಂದೂ ಅಲ್ಲ. ಕೆನಡಾದ ಸರ್ರೆ ನಗರದ ಪಂಜಾಬಿ ಕುಟುಂಬದ ಹುಡುಗ ಅರ್ಷದೀಪ್ ಬೈನ್ಸ್‌ನನ್ನು ಯಾವ ಎನ್‌ಎಚ್‌ಎಲ್ ತಂಡವೂ ಡ್ರಾಫ್ಟ್‌ನಲ್ಲಿ ಆರಿಸಲಿಲ್ಲ. ಅವನು ಇದೇ ವೆಸ್ಟರ್ನ್ ಹಾಕಿ ಲೀಗ್‌ನಲ್ಲಿ ರೆಡ್ ಡಿಯರ್ ತಂಡಕ್ಕೆ ಆಡುತ್ತ, 2021-22ರಲ್ಲಿ 112 ಅಂಕಗಳೊಂದಿಗೆ (ಹೊಡೆದ ಮತ್ತು ನೆರವಾದ ಗೋಲುಗಳ ಮೊತ್ತ) ಇಡೀ ಲೀಗ್‌ಗೆ ಮೊದಲಿಗನಾದ. ಆಮೇಲೆ ಎನ್‌ಎಚ್‌ಎಲ್‌ನ ವ್ಯಾಂಕೂವರ್ ತಂಡ ಅವನೊಂದಿಗೆ ಒಪ್ಪಂದ ಮಾಡಿಕೊಂಡಿತು. ಅವನು ಎನ್‌ಎಚ್‌ಎಲ್‌ನ ಮೊದಲ ಪಂದ್ಯ ಆಡಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿಯವರೆಗಿನ ಕಾಯುವಿಕೆ ನಡೆದದ್ದು ಕೆಳಗಿನ ಲೀಗ್‌ನ ಅಬಾಟ್ಸ್‌ಫರ್ಡ್ ತಂಡದಲ್ಲಿ. ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ನಿಜವಾದ ಚಿತ್ರ ಇದು, ಎನ್‌ಎಚ್‌ಎಲ್‌ನ ಮಹಾತಾರೆ ಸಿಡ್ನಿ ಕ್ರಾಸ್ಬಿಯದಲ್ಲ.

ಕಾಲೇಜಿನ ವಿಷಯದಲ್ಲಿ ನೀವು ಕೇಳಿರುವುದು ಹಳೆಯ ನಿಯಮ. ಮೊದಲು ಕೆನಡಾದ ಈ ಪ್ರಮುಖ ಜೂನಿಯರ್ ಲೀಗ್‌ಗಳಲ್ಲಿ ಆಡಿದವನನ್ನು ವೃತ್ತಿಪರನೆಂದು ಎಣಿಸಿ ಅಮೆರಿಕದ ಎನ್‌ಸಿಎಎ ಕಾಲೇಜು ಹಾಕಿಯಿಂದ ಹೊರಗಿಡುತ್ತಿದ್ದರು. 2024ರ ನವೆಂಬರ್‌ನಲ್ಲಿ ಆ ತೀರ್ಮಾನ ಬದಲಾಗಿ, 2025ರ ಆಗಸ್ಟ್ 1ರಿಂದ ಈ ಆಟಗಾರರಿಗೂ ಅಲ್ಲಿನ ಪ್ರಥಮ ದರ್ಜೆಯ ಕಾಲೇಜು ತಂಡಗಳಲ್ಲಿ ಆಡುವ ಅವಕಾಶ ತೆರೆದಿದೆ. ನಿಮ್ಮ ಅತ್ತಿಗೆಯವರಿಗೆ ಇದನ್ನು ಖಂಡಿತ ತಿಳಿಸಿ. ಇದರ ಜೊತೆಗೆ ಲೀಗ್‌ನದೇ ವಿದ್ಯಾರ್ಥಿವೇತನವೂ ಇದೆ: ಒಂದು ಋತು ಆಡಿದರೆ ಪದವಿ ಓದಿನ ಒಂದು ವರ್ಷದ ಶುಲ್ಕ ಮತ್ತು ಪುಸ್ತಕಗಳ ವೆಚ್ಚವನ್ನು ಭರಿಸುತ್ತಾರೆ.

ಆದ್ದರಿಂದ ಕಳುಹಿಸಿ ಎಂದೇ ನಾನು ಹೇಳುತ್ತೇನೆ. ಆದರೆ ಒಂದು ಋತುವಿಗೆ 68 ಪಂದ್ಯಗಳಿದ್ದು, ಚಳಿಗಾಲದ ರಾತ್ರಿಗಳಲ್ಲಿ ನೂರಾರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಮರುದಿನ ತರಗತಿಯಲ್ಲಿ ಕೂರಬೇಕಾದ ಬದುಕು ಅದು. ಹುಡುಗನ ಓದಿನ ಮೇಲೆ ಕಣ್ಣಿಡುವವರು ತಂಡದಲ್ಲಿ ಯಾರು ಎಂಬುದನ್ನು ಅಣ್ಣ ಮೊದಲೇ ಕೇಳಿ ತಿಳಿದುಕೊಳ್ಳಲಿ.

ಪಿ.ಜೆ. ಬಡಾವಣೆ, ದಾವಣಗೆರೆ

ನಾನು ಮೂಳೆ ಮತ್ತು ಕೀಲುಗಳ ವೈದ್ಯ. ಮೇಲಿನವರು ಹೇಳಿದ ಲೆಕ್ಕಕ್ಕೆ ದೇಹದ ಲೆಕ್ಕವನ್ನೂ ಸೇರಿಸಬೇಕಾಗಿದೆ.

ಐಸ್ ಹಾಕಿಯಲ್ಲಿ ಆಟಗಾರ ಒಂದು ಸರದಿಗೆ ಮುಕ್ಕಾಲು ನಿಮಿಷದಷ್ಟು ಮಾತ್ರ ಅಂಗಣದಲ್ಲಿರುತ್ತಾನೆ. ಅಷ್ಟರಲ್ಲಿ ಇರುವ ಶಕ್ತಿಯನ್ನೆಲ್ಲ ಸುರಿದು ಬೆಂಚಿಗೆ ಮರಳುತ್ತಾನೆ. ಆ ವೇಗದಲ್ಲಿ ಎದುರಾಳಿಗೋ ಅಂಗಣದ ಸುತ್ತಲಿನ ಹಲಗೆಗೋ ಅಪ್ಪಳಿಸಿದಾಗ ಭುಜ, ಮಂಡಿ, ತೊಡೆಸಂದುಗಳಿಗೆ ಪೆಟ್ಟಾಗುವುದು ಸಾಮಾನ್ಯ, ಮತ್ತು ಅವುಗಳಲ್ಲಿ ಬಹುಪಾಲನ್ನು ನಾವು ಸರಿಪಡಿಸಬಲ್ಲೆವು. ನನ್ನ ಆತಂಕವಿರುವುದು ತಲೆಯ ಬಗ್ಗೆ. ಕ್ರಾಸ್ಬಿಗೆ 2011ರ ಜನವರಿಯ ಮೊದಲ ವಾರದಲ್ಲಿ, ಒಂದರ ಹಿಂದೊಂದು ಪಂದ್ಯದಲ್ಲಿ ತಲೆಗೆ ಪೆಟ್ಟಾಯಿತು. ಆಗ ಅವನ ವಯಸ್ಸು 23. ಮತ್ತೆ ಅಂಗಣಕ್ಕೆ ಇಳಿದದ್ದು ನವೆಂಬರ್‌ನಲ್ಲಿ, ಕೆಲವೇ ಪಂದ್ಯಗಳಾದ ಮೇಲೆ ಲಕ್ಷಣಗಳು ಮರುಕಳಿಸಿ 2012ರ ಮಾರ್ಚ್‌ವರೆಗೆ ಹೊರಗುಳಿಯಬೇಕಾಯಿತು. ಜಗತ್ತಿನ ಅತ್ಯುತ್ತಮ ಚಿಕಿತ್ಸೆ ಕೈಗೆಟುಕುವವನ ಕಥೆಯೇ ಹೀಗೆ.

ಕುತ್ತಿಗೆಯ ರಕ್ಷಾಪಟ್ಟಿಯ ವಿಷಯದಲ್ಲಿ ಹುಡುಗ ಸಬೂಬು ಹೇಳಿದರೆ ಯಾರೂ ಒಪ್ಪಬಾರದು. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಆಡಮ್ ಜಾನ್ಸನ್ ಎಂಬ ಆಟಗಾರ ಸ್ಕೇಟಿನ ಅಲಗು ಕುತ್ತಿಗೆಗೆ ತಗುಲಿ ತೀರಿಕೊಂಡರು. ಅವರಿಗೆ 29 ವರ್ಷ. ಪಿಟ್ಸ್‌ಬರ್ಗ್‌ಗಾಗಿ ಎನ್‌ಎಚ್‌ಎಲ್‌ನಲ್ಲಿ 13 ಪಂದ್ಯಗಳನ್ನಾಡಿ, ಆಮೇಲೆ ಸ್ವೀಡನ್, ಜರ್ಮನಿಗಳಲ್ಲಿ ಆಡಿ, ಕೊನೆಗೆ ನಾಟಿಂಗ್‌ಹ್ಯಾಮ್ ತಂಡಕ್ಕೆ ಬಂದಿದ್ದರು.

ಋತು ಆರಂಭವಾಗುವ ಮೊದಲೇ ಹುಡುಗನ ನೆನಪು, ಗಮನ, ಸಮತೋಲಗಳ ಪರೀಕ್ಷೆ ಮಾಡಿಸಿ ದಾಖಲೆ ಇಟ್ಟುಕೊಳ್ಳುತ್ತಾರೆಯೇ ಎಂದು ತಂಡವನ್ನು ಕೇಳಿ. ಪೆಟ್ಟು ಬಿದ್ದ ಮೇಲೆ ಅದರೊಡನೆ ಹೋಲಿಸಲು ಬರುತ್ತದೆ. ಮರಳಿ ಆಡಿಸುವ ತೀರ್ಮಾನ ವೈದ್ಯರದೋ ತರಬೇತುದಾರರದೋ ಎಂಬುದನ್ನೂ ಕೇಳಿ. ತರಬೇತುದಾರರದು ಎಂಬ ಉತ್ತರ ಬಂದರೆ ನಾನಾದರೆ ಕಳುಹಿಸುವುದಿಲ್ಲ.

ಜೋಗಿಮಟ್ಟಿ, ಚಿತ್ರದುರ್ಗ

ನಾನು ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಸರ್ಕಾರದ ಕ್ರೀಡಾ ವಸತಿ ನಿಲಯಗಳಿಗೆ ಇದಕ್ಕಿಂತಲೂ ಚಿಕ್ಕ ಮಕ್ಕಳು ಹಳ್ಳಿಗಳಿಂದ ಬಂದು ಸೇರುತ್ತಾರೆ, ಹಾಗಾಗಿ ವಯಸ್ಸಿನ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಈಗ ಹೋಗದಿದ್ದರೆ ಅವಕಾಶವೇ ತಪ್ಪಿತು ಎಂಬ ಭಯದಿಂದ ತೀರ್ಮಾನ ಮಾಡುವುದು ಬೇಡ. ಎನ್‌ಎಚ್‌ಎಲ್‌ನ ಹೆಸರಾಂತ ಆಟಗಾರ ಕೇಲ್ ಮಕಾರ್ ನಿಮ್ಮ ಅಣ್ಣನ ಊರಾದ ಕ್ಯಾಲ್ಗರಿಯವನೇ. ಅವನು ವೆಸ್ಟರ್ನ್ ಲೀಗ್‌ಗೆ ಹೋಗದೆ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆಲ್ಬರ್ಟಾ ಜೂನಿಯರ್ ಲೀಗ್‌ನಲ್ಲಿ ಬ್ರೂಕ್ಸ್ ತಂಡಕ್ಕೆ ಆಡಿ, ಅಲ್ಲಿಂದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಹೋದ. 2017ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾಗಿ, 2022ರಲ್ಲಿ ಕೊಲೊರಾಡೊ ತಂಡದೊಂದಿಗೆ ಎನ್‌ಎಚ್‌ಎಲ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದ. ಅಂಥ ಪ್ರತಿಭೆ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೂ ಮನೆಗೆ ಹತ್ತಿರವಿದ್ದು ಬೆಳೆಯುವ ದಾರಿಯೊಂದು ಇದೆ ಎಂಬುದಕ್ಕೆ ಅವನೇ ಸಾಕ್ಷಿ.

ಅವ್ವನವರ ಪ್ರಶ್ನೆಗೆ ಉತ್ತರ: ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಭಾರತಕ್ಕೆ ಆಡಲು ಭಾರತೀಯ ಪೌರತ್ವ ಬೇಕು. ನಮ್ಮ ಕಾನೂನು ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ, ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡು ಪೌರತ್ವವಲ್ಲ. ಕೆನಡಾದ ಪಾಸ್‌ಪೋರ್ಟ್ ಇಟ್ಟುಕೊಂಡು ಅವನು ಆಡುವಂತಿಲ್ಲ. ನಮ್ಮ ತಂಡದ ಆಧಾರ ಹೆಚ್ಚಾಗಿ ಲಡಾಖ್‌ನ ಮಕ್ಕಳು. ಮಹಿಳಾ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದದ್ದನ್ನು ಅವ್ವನವರಿಗೆ ಹೇಳಿ, ಸಂತೋಷಪಡುತ್ತಾರೆ.

ಬೆಣ್ಣೆನಗರಿ, ದಾವಣಗೆರೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಲ್ಲವನ್ನೂ ಅಣ್ಣನಿಗೆ ಓದಿ ಹೇಳಿದೆ. ಮಕಾರ್‌ನ ದಾರಿಯನ್ನು ಅತ್ತಿಗೆ ಮತ್ತೆ ಮತ್ತೆ ಕೇಳಿ ತಿಳಿದುಕೊಂಡರು. ತೀರ್ಮಾನಕ್ಕೆ ಮೊದಲು ಒಪ್ಪಂದದ ಪ್ರತಿಯನ್ನು ತರಿಸಿ ವಕೀಲರಿಗೆ ತೋರಿಸಬೇಕೆಂದಿದ್ದಾರೆ. ಅದರಲ್ಲಿ ಮುಖ್ಯವಾಗಿ ಏನನ್ನು ನೋಡಬೇಕು?

ಕೋಟೆನಾಡು, ಚಿತ್ರದುರ್ಗ

ಎರಡು ವಿಷಯಗಳನ್ನು ನೋಡಿಸಿ. ವಿದ್ಯಾರ್ಥಿವೇತನವನ್ನು ಬಳಸಿಕೊಳ್ಳಲು ಎಷ್ಟು ಕಾಲಾವಕಾಶವಿದೆ, ಹುಡುಗ ಮಧ್ಯೆ ವೃತ್ತಿಪರ ತಂಡಕ್ಕೆ ಸಹಿ ಹಾಕಿದರೆ ಅದು ಏನಾಗುತ್ತದೆ ಎಂಬುದು ಮೊದಲನೆಯದು. ಜೂನಿಯರ್ ಲೀಗ್‌ನಲ್ಲಿಯೂ ತಂಡಗಳು ಆಟಗಾರರನ್ನು ಪರಸ್ಪರ ಬದಲಿಸಿಕೊಳ್ಳುತ್ತವೆ. ಹಾಗೆ ಋತುವಿನ ನಡುವೆ ಊರು ಬದಲಾದರೆ ಶಾಲೆ ಮತ್ತು ವಸತಿಯ ಹೊಣೆ ಯಾರದು ಎಂಬುದು ಎರಡನೆಯದು, ಅದನ್ನು ಬರವಣಿಗೆಯಲ್ಲಿಯೇ ಕೇಳಿ ಪಡೆಯಿರಿ.